ಗೆರೆಯ ಹೊರಗಿನ ದಣಿವು

ಹದಿನಾಲ್ಕು ವರ್ಷ ಊರೂರು ತಿರುಗಿ ಕಬಡ್ಡಿ ಆಡಿಯೇ ಹೊಟ್ಟೆ ಹೊರೆದ ಸಿದ್ರಾಮ, ಮೊಣಕಾಲು ಸೋತ ಮೇಲೆ ತನ್ನ ತಂಡಕ್ಕೇ ಮ್ಯಾನೇಜರ್ ಆದ.

ಎರಡನೆಯ ವರ್ಷ ತಂಡ ಸಾಲಾಗಿ ಏಳು ಪಂದ್ಯ ಸೋತಿತು. ಈ ಕೆಲಸವೇ ಸಾಕು ಅನ್ನಿಸಿ ಅವನು ಕೃಷ್ಣೆಯ ದಡದ ಆಶ್ರಮಕ್ಕೆ ಬಂದ. ಅವನಿಗೆ ಆಟ ಕಲಿಸಿದ ಅಡವಯ್ಯನವರು ಈಗ ಅಲ್ಲಿದ್ದರು.

ಪಾದ ಮುಟ್ಟಿ ಕೂತವನಿಗೆ ಮತ್ತೆ ಏಳುವ ಮನಸ್ಸಾಗಲಿಲ್ಲ.

“ಭಾಳ ದಣದೀಯಲ್ಲೋ ತಮ್ಮಾ,” ಅಂದರು ಗುರುಗಳು.

“ಆಡುವಾಗ ಮೈ ದಣೀತಿತ್ತು ಅಪ್ಪಾರ. ಉಂಡು ಮಲಗಿದರ ಹೋಗ್ತಿತ್ತು. ಈಗ ಗೆರಿ ಹೊರಗ ಕೂತು ದಣೀತೀನಿ. ಇದು ಹೋಗವಲ್ದು.”

“ಕೂತು ಏನ ಮಾಡ್ತಿ?”

“ಒದರ್ತೀನಿ. ಎಡಕ್ಕ ಹೋಗು, ಹಿಂದ ಸರಿ ಅಂತ ಗಂಟಲಾ ಹರಕೋತೀನಿ. ನಮ್ಮ ರೈಡರ್ ಮಾಳಪ್ಪ ನಡುಗೆರಿ ದಾಟಿ ಎದುರಿನವರ ಕಡೆ ಹೋದನಂದ್ರ ಒಂದು ಮಾತೂ ಕೇಳಂಗಿಲ್ಲ. ಮೊನ್ನೆ ಎಲ್ಲಾರ ಮುಂದ ಅವನ್ನ ಬೈದೆ. ಆವತ್ತಿಂದ ನನ್ನ ಕಡೆ ನೋಡೋದನ್ನ ಬಿಟ್ಟಾನ.”

ಅಡವಯ್ಯನವರು ಹೊದ್ದ ಶಾಲು ತೆಗೆದಿಟ್ಟು ಹೊಳೆಗೆ ಇಳಿದರು.

ಎಪ್ಪತ್ತಾರರ ಜೀವ. ಈಸುತ್ತ ಈಸುತ್ತ ನಡುನೀರಿಗೆ ಹೋದರು. ಸೆಳವು ಅವರನ್ನು ಹರಿವಿನ ದಿಕ್ಕಿಗೆ ಎಳೆಯತೊಡಗಿತು.

ಸಿದ್ರಾಮ ಕುಂಟುತ್ತಲೇ ದಡದುದ್ದಕ್ಕೂ ಓಡಿದ. “ಎಡಕ್ಕ ಈಸ್ರಿ ಅಪ್ಪಾರ! ಎಡಕ್ಕ!”

ಗುರುಗಳು ಒಮ್ಮೆ ತಲೆಯೆತ್ತಿ ದಡದ ಕಡೆ ನೋಡಿದರು. ಆಮೇಲೆ ನಿಧಾನವಾಗಿ ಹೊರಳಿ ಈಸಿದರು. ಸಿದ್ರಾಮ ಎದೆಮಟ್ಟ ನೀರಿಗೆ ಇಳಿದು ಅವರನ್ನು ಮೇಲಕ್ಕೆ ಕರೆತಂದ.

“ನಾ ಒದರಿದ್ದು ಕೇಳಸ್ತೇನ್ರಿ?”

“ಕಿವಿತುಂಬ ನೀರು. ಏನ ಕೇಳೀತು?”

“ಮತ್ತ ಹೆಂಗ ಬಂದ್ರಿ?”

“ದಡದಾಗ ನೀ ಕಾಣಸ್ದಿ. ನೀ ಇದ್ದ ಕಡೆ ಈಸಿದೆ.”

ಸಿದ್ರಾಮ ಶಾಲು ತಂದು ಗುರುಗಳ ಹೆಗಲಿಗೆ ಹೊದಿಸಿದ. ಮುಖ ತಿರುಗಿಸಿಕೊಂಡು ಅಂಕಣಕ್ಕೆ ಇಳಿಯುವ ಮಾಳಪ್ಪ ಕಣ್ಣ ಮುಂದೆ ಬಂದ.

“ನಾಳೆ ಹೋಗಿ ಅವನ್ನ ಮಾತಾಡಸ್ತೀನಿ,” ಅಂದ. ಸ್ವಲ್ಪ ತಡೆದು ಕೇಳಿದ: “ಆಮ್ಯಾಲಾದರೂ ಈ ದಣಿವು ಹೋಗ್ತೈತೇನ್ರಿ?”

ಅಡವಯ್ಯನವರು ಧೋತರದ ಸೆರಗು ಹಿಂಡುತ್ತ ಅಂದರು:

“ನೀ ಆಟ ಬಿಟ್ಟು ಎರಡು ವರ್ಷ ಆತು. ಗೆರಿ ಹೊರಗ ಕೂತು ನಿನ್ನ ಆಟ ನೋಡಿದ ದಣಿವು ನನಗ ಇನ್ನೂ ಹೋಗಿಲ್ಲ, ತಮ್ಮಾ.”