ಹೊರಚಕ್ರದ ದಾರಿ

“ಗುರುವೇ, ಜೊತೆಗೆ ಹೆಜ್ಜೆ ಹಾಕದವರನ್ನು ಎಲ್ಲಿಯವರೆಗೆ ಎಳೆದುಕೊಂಡು ಹೋಗಬೇಕು?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಮಾಳಿಂಗ. ನೂಲಿನ ಗಿರಣಿಯ ಕಾರ್ಮಿಕ ಸಂಘದ ಕಾರ್ಯದರ್ಶಿ. ಗುರು ಎಂದರೆ ಮಠದವರಲ್ಲ. ಅದೇ ಗಿರಣಿಯಲ್ಲಿ ಸವೆದು, ಸಂಘ ಕಟ್ಟಿ, ಈಗ ಸಂಘದ ತಗಡಿನ ಕೋಣೆಯಲ್ಲೇ ವಾಸವಿದ್ದ ಚೆನ್ನವೀರಪ್ಪ. ಇಬ್ಬರೂ ದಣಿದಿದ್ದರು. ನೂಲು ಸುತ್ತುವ ಹೆಂಗಸರು ಅಂದೂ ಸಭೆ ಮುಗಿಯುವ ಹೊತ್ತಿಗೆ ಬಂದಿದ್ದರು.

“ಪಾಳಿ ಬಿಡುವುದು ಎಲ್ಲರಿಗೂ ಒಂದೇ ಹೊತ್ತಿಗೆ. ನಾವು ನೆಟ್ಟಗೆ ಬರುತ್ತೇವೆ. ಅವರಿಗೇನು ರೋಗ? ನಾಳೆ ಅವರನ್ನು ಸಂಘದಿಂದ ತೆಗೆಯುತ್ತೇನೆ. ನೀವು ಹೂಂ ಅಂದರೆ ಸಾಕು” ಎಂದ ಮಾಳಿಂಗ.

ಗುರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಂದು ಕತೆ ಹೇಳಿದ.

ಒಬ್ಬ ಆಟಗಾರ ರಿಮೋಟಿನ ಕಾರು ಓಡಿಸುತ್ತಿದ್ದ. ಮಕ್ಕಳ ಆಟಿಕೆಯಲ್ಲ. ಎರಡು ಮೊಳ ಉದ್ದದ ಕಾರು, ಪೆಟ್ರೋಲ್ ಎಂಜಿನ್ನು. ಮಣ್ಣಿನ ಮೈದಾನದಲ್ಲಿ ಪಂದ್ಯ. ಅವನು ಒಂದು ಪಂದ್ಯವನ್ನೂ ಕೊನೆಯವರೆಗೆ ಓಡಿಸಿರಲಿಲ್ಲ. ಗೆಲ್ಲುವ ಆಸೆ ಎಂದೋ ಸತ್ತಿತ್ತು. ಒಮ್ಮೆ ಓಡಿ ಮುಗಿಸಿದರೆ ಸಾಕಾಗಿತ್ತು.

ಆ ಕಾರಿನ ಹಿಂದಿನ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಎಂಬ ಡಬ್ಬಿ ಇರುತ್ತದೆ. ಒಳಗೆ ಸಣ್ಣ ಹಲ್ಲುಚಕ್ರಗಳು, ಸುತ್ತ ಮಂದ ಎಣ್ಣೆ. ತಿರುವಿನಲ್ಲಿ ಒಳಗಿನ ಚಕ್ರಕ್ಕೆ ದಾರಿ ಕಡಿಮೆ, ಹೊರಗಿನದಕ್ಕೆ ಹೆಚ್ಚು. ಎರಡೂ ತಮ್ಮ ತಮ್ಮ ದಾರಿಗೆ ತಕ್ಕಂತೆ ಸುತ್ತಲು ಆ ಡಬ್ಬಿ ಬಿಡುತ್ತದೆ. ಅದರ ಕೆಲಸ ಅಷ್ಟೇ.

ಓಡಿ ಓಡಿ ಎಣ್ಣೆ ಕಪ್ಪಾಗಿ ನೀರಾಯಿತು. ತಿರುವಿನಲ್ಲಿ ಒಂದು ಚಕ್ರ ನೆಲ ಬಿಟ್ಟು ಎದ್ದರೆ ಎಂಜಿನ್ನಿನ ಬಲವೆಲ್ಲ ಅದಕ್ಕೇ ಹೋಗುತ್ತಿತ್ತು. ಗಾಳಿಯಲ್ಲಿದ್ದದ್ದು ಗಿರಗಿರ ತಿರುಗುತ್ತಿತ್ತು, ಭಾರ ಹೊತ್ತು ನೆಲದಲ್ಲಿದ್ದದ್ದು ಸುಮ್ಮನೆ ನಿಲ್ಲುತ್ತಿತ್ತು. ಇದನ್ನು ನಾವು ಗಿರಣಿಯಲ್ಲಿ ದಿನಾ ನೋಡುತ್ತೇವೆ, ಬಿಡು.

ಡಬ್ಬಿ ಬಿಚ್ಚಬೇಕು, ಸೀಮೆಎಣ್ಣೆಯಲ್ಲಿ ತೊಳೆಯಬೇಕು, ಹೊಸ ಎಣ್ಣೆ ಹಾಕಿ ಒಳಗೆ ಸಿಕ್ಕ ಗಾಳಿ ಗುಳ್ಳೆಯಾಗಿ ಎದ್ದು ಹೋಗುವ ತನಕ ಕಾಯಬೇಕು. ಪ್ರತಿ ಪಂದ್ಯಕ್ಕೂ ಅದೇ ಗೋಳು. ಆಟಗಾರನಿಗೆ ಸಾಕಾಗಿ ಹೋಯಿತು. ದಣಿದವನಿಗೆ ಬೇಗ ಸಿಗುವ ಉತ್ತರವೇ ಸರಿಯಾದ ಉತ್ತರ ಅನಿಸುತ್ತದೆ. ಅವನು ಡಬ್ಬಿಗೆ ಗಟ್ಟಿ ಮೇಣ ತುರುಕಿ ಮುಚ್ಚಿದ. ಎರಡು ಚಕ್ರವೂ ಒಂದಾದವು. ಇನ್ನು ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ನೇರ ದಾರಿಯಲ್ಲಿ ಕಾರು ಬಾಣದ ಹಾಗೆ ಹೋಯಿತು. ಆಟಗಾರ ಕುಣಿದಾಡಿದ. ತಿರುವು ಬಂತು. ಹೊರಗಿನ ಚಕ್ರ ಹೆಚ್ಚು ಓಡಬೇಕಿತ್ತು, ಒಳಗಿನದು ಬಿಡಲಿಲ್ಲ. ಎರಡೂ ಒಂದನ್ನೊಂದು ಎಳೆದಾಡಿದವು. ಕಾರು ತಿರುಗದೆ ನೆಟ್ಟಗೆ ಹೋಗಿ ಬೇಲಿಗೆ ಗುದ್ದಿತು. ಹೊರಗಿನ ಚಕ್ರದ ಸರಳು ಮುರಿದಿತ್ತು.

“ಈ ಹಾಳು ಚಕ್ರದ್ದೇ ತಪ್ಪು. ಜೊತೆಗೆ ಬರೋಕೆ ಇದಕ್ಕೇನಾಗಿತ್ತು?” ಎಂದು ಆಟಗಾರ ಅದನ್ನು ಕಿತ್ತು ಎಸೆದ.

ಪಕ್ಕದಲ್ಲಿದ್ದ ಗೆಳೆಯ ನಕ್ಕ. “ಹಂಗಾದ್ರೆ ಒಂದೇ ಚಕ್ರದಲ್ಲಿ ಓಡಿಸಯ್ಯ. ಜಗಳವೇ ಇರಲ್ಲ.”

“ಪ್ರತಿ ಸಲವೂ ಬಿಚ್ಚಿ ತೊಳೀತಾ ಕೂತಿರಬೇಕಾ ನಾನು?”

“ಪ್ರತಿ ಸಲವೂ ಓಡಿಸ್ತೀಯಲ್ಲ ಮಾರಾಯ.”

ಆಟಗಾರ ಎಸೆದ ಚಕ್ರವನ್ನು ಎತ್ತಿಕೊಂಡು ಬಂದ. ಹೊಸ ಸರಳು ಹಾಕಿದ. ಮೇಣವನ್ನು ಹಲ್ಲು ಹಲ್ಲಿನ ಸಂದಿಯಿಂದ ಕೆರೆದು ತೆಗೆದ. ತೊಳೆದ. ತೀರ ತೆಳುವೂ ಅಲ್ಲದ, ತೀರ ಗಟ್ಟಿಯೂ ಅಲ್ಲದ ಎಣ್ಣೆ ಹಾಕಿ, ಗುಳ್ಳೆ ಏಳುವುದನ್ನೇ ನೋಡುತ್ತ ಕೂತ.

ಗುರು ಅಲ್ಲಿಗೆ ನಿಲ್ಲಿಸಿದ.

“ಆಮೇಲೆ? ಗೆದ್ದನೇ?” ಎಂದು ಮಾಳಿಂಗ ಕೇಳಿದ.

“ಇಲ್ಲ. ಎಲ್ಲರಿಗಿಂತ ಕೊನೆಗೆ ಬಂದ. ಆದರೆ ಓಡಿ ಮುಗಿಸಿದ. ಮರುದಿನ ಮತ್ತೆ ಬಿಚ್ಚಿ ತೊಳೆದ.”

“ಅದು ಯಂತ್ರ, ಗುರುವೇ. ಇವರು ಮನುಷ್ಯರು. ಗಿರಣಿಯ ಬಾಗಿಲಿನಿಂದ ಈ ಕೋಣೆಗೆ ಎಲ್ಲರಿಗೂ ಇರುವುದು ಒಂದೇ ದಾರಿ.”

ಗುರು ಅವನ ಮುಖವನ್ನೇ ನೋಡಿದ.

“ನೀನು ಬರುವುದು ಚಹಾದಂಗಡಿ ಹಾದು, ಆ ಹೆಂಗಸರು ಬರುವುದು ಮನೆಯ ಒಲೆ ಹಚ್ಚಿ, ನಿನ್ನಂಥವನಿಗೆ ಬಡಿಸಿಟ್ಟು.”