ಗಸಗಸೆ ಕೊಯ್ಲಿನ ಮೂರು ತಿಂಗಳು

"ಗುರುಗಳೇ, ಗಡಿಯ ಎರಡು ಗುಡ್ಡಗಳ ನಾಯಕರು ವರ್ಷವಿಡೀ ಕಾದಾಡುತ್ತಾರೆ. ಅಫೀಮಿನ ಕೊಯ್ಲು ಬಂತೆಂದರೆ ಮಾತ್ರ, ಯಾರೂ ಹೇಳದೆಯೇ ಇಬ್ಬರೂ ಒಂದು ತಿಂಗಳು ಕೋವಿ ಕೆಳಗಿಡುತ್ತಾರೆ. ದೊರೆ ನನ್ನನ್ನು ಅಲ್ಲಿಗೆ ಸಂಧಾನಕ್ಕೆ ಕಳಿಸುತ್ತಿದ್ದಾನೆ. ಆ ಒಂದು ತಿಂಗಳನ್ನೇ ಹಿಡಿದು ಹಿಗ್ಗಿಸಿದರೆ ಶಾಂತಿ ಬಾರದೇ?" ಎಂದು ಮರಿದೇವನೆಂಬ ಶಿಷ್ಯ ಕೇಳಿದ.

ಗುರುಗಳು ನಕ್ಕರು. "ನಿನಗಿಂತ ಮೊದಲೇ ಒಬ್ಬ ರೈತನಿಗೆ ಈ ಬುದ್ಧಿ ಹೊಳೆದಿತ್ತು. ಕೂತುಕೋ" ಎಂದು ಹೇಳತೊಡಗಿದರು.

ಅಂಥದೇ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಒಬ್ಬ ರೈತನಿದ್ದ. ಅವನಿಗೆ ಒಬ್ಬನೇ ಮಗ. ದಂಡಿನಲ್ಲಿ ಆಳು ಕಡಿಮೆಯಾದಾಗಲೆಲ್ಲ ನಾಯಕರು ಮನೆಗೊಬ್ಬನನ್ನು ಎಳೆದೊಯ್ಯುತ್ತಿದ್ದರು. ಮಗನನ್ನು ಉಳಿಸಿಕೊಳ್ಳುವುದು ಹೇಗೆ? ರೈತನಿಗೆ ಇದ್ದದ್ದು ಅದೊಂದೇ ಚಿಂತೆ.

ದೊರೆಗೆ ದೂರು ಕೊಡಬಹುದಿತ್ತಲ್ಲ ಎನ್ನಬೇಡ. ಕಣಿವೆಯ ಬಾಯಲ್ಲಿ ದೊರೆಯ ಠಾಣೆಯೇನೋ ಇತ್ತು. ಅಲ್ಲಿಯವರಿಗೆ ಸಂಬಳ ಬರುತ್ತಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂಬಂತೆ ಬಾವುಟವೊಂದು ಹಾರುತ್ತಿತ್ತು.

ಗೋಧಿ ಬೆಳೆದರೆ, ಎದುರಾಳಿಗೆ ಅನ್ನವಾಗದಿರಲೆಂದು ಈ ಕಡೆಯವರೋ ಆ ಕಡೆಯವರೋ ಸುಡುತ್ತಿದ್ದರು. ಗಸಗಸೆಯನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ನಾವು ಪಾಯಸಕ್ಕೆ ಹಾಕುವ ಗಸಗಸೆಯೇ. ಅದರ ಹಸಿ ಕಾಯಿಗೆ ಗೀರು ಹಾಕಿದರೆ ಅಂಟು ಒಸರುತ್ತದೆ. ಆ ಅಂಟೇ ಅಫೀಮು. ಇಬ್ಬರು ನಾಯಕರಿಗೂ ಅದರಲ್ಲಿ ಪಾಲಿತ್ತು. ಅಂಟು ಕೆರೆದು ಮುಗಿಯುವವರೆಗೆ ಒಂದು ಗುಂಡೂ ಹಾರುತ್ತಿರಲಿಲ್ಲ.

ರೈತ ಊರವರನ್ನು ಸೇರಿಸಿ ಹೇಳಿದ: "ಎಲ್ಲರೂ ಒಟ್ಟಿಗೆ ಬಿತ್ತೋದು ಬೇಡ. ಕೆಲವರು ಮೊದಲು ಬಿತ್ತಲಿ, ಕೆಲವರು ತಡವಾಗಿ, ಉಳಿದವರು ಇನ್ನೂ ತಡವಾಗಿ. ಒಂದು ಹೊಲ ಮುಗಿಯೋ ಹೊತ್ತಿಗೆ ಇನ್ನೊಂದು ಕಾಯಿಗೆ ಬರಬೇಕು. ಕೊಯ್ಲು ನಡೀತಾ ಇರೋ ತನಕ ಅವರು ಹೊಡೆದಾಡೋದಿಲ್ಲ."

ಊರು ಒಪ್ಪಿತು. ಗೋಧಿಯ ಹೊಲಗಳಲ್ಲೂ ಗಸಗಸೆ ಎದ್ದಿತು. ಒಂದು ತಿಂಗಳ ಬಿಡುವು ಮೂರು ತಿಂಗಳಾಯಿತು. ಹೆಂಗಸರು ಹೆದರದೆ ನೀರಿಗೆ ಹೋದರು. ಮುಂದೂಡಿದ್ದ ಮದುವೆಗಳು ನಡೆದವು. ಜನ ರೈತನನ್ನು ಹೊಗಳಿದ್ದೇ ಹೊಗಳಿದ್ದು. ಪಾಪ, ಅವನೂ ಎಷ್ಟೋ ವರ್ಷಗಳ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದ.

ಕೊಯ್ಲು ಮುಗಿಯಿತು. ವ್ಯಾಪಾರಿ ಬಂದು ಎಲ್ಲವನ್ನೂ ಕೊಂಡುಹೋದ; ನಾಯಕರ ಪಾಲಿನ ಹಣ ಅವರ ಕೈ ಸೇರಿತು. ಹಿಂದೆಲ್ಲ ಮಳೆಗಾಲದ ಹೊತ್ತಿಗೆ ಮದ್ದುಗುಂಡು ಮುಗಿದು ಕಾಳಗ ತಾನಾಗಿಯೇ ತಣ್ಣಗಾಗುತ್ತಿತ್ತು. ಆ ವರ್ಷ ಮುಗಿಯಲಿಲ್ಲ. ಹೊಸ ಕೋವಿಗಳು ಬಂದವು. ಠಾಣೆಯವರು ದೊರೆಯ ಕೆಲಸ ಬಿಟ್ಟು, ಸಂಬಳ ತಪ್ಪಿಸದ ನಾಯಕರ ದಂಡಿಗೆ ಸೇರಿದರು. ಆದರೂ ಅಷ್ಟು ಕೋವಿಗಳಿಗೆ ಆಳು ಸಾಲಲಿಲ್ಲ. ರೈತನ ಮಗನನ್ನು ಹೊಲದಿಂದಲೇ ಕರೆದೊಯ್ದರು. ಮಳೆ ನಿಲ್ಲುವ ಮುಂಚೆ ಅವನ ಹೆಣ ಮನೆಗೆ ಬಂತು.

ರೈತ ಅಳುತ್ತಲೇ, ಮಗನನ್ನು ಒಯ್ದಿದ್ದ ನಾಯಕನ ಬಳಿಗೆ ಹೋದ. "ನೀವು ಹೊಡೆದಾಡದಿರಲಿ ಅಂತಲೇ ಇಷ್ಟೆಲ್ಲ ಬಿತ್ತಿಸಿದೆ, ನಾಯಕರೇ" ಎಂದ.

ನಾಯಕ ಸಿಟ್ಟಾಗಲಿಲ್ಲ. ಅವನನ್ನು ಕೂರಿಸಿ ಕುಡಿಯಲು ನೀರು ಕೊಡಿಸಿದ. "ನೀನು ಬಿತ್ತಿಸಿದ್ದರಿಂದಲೇ ಕಣಪ್ಪ, ಈ ಸಲ ನಮ್ಮ ಕೈ ಬರಿದಾಗಲಿಲ್ಲ. ಮುಂದಿನ ವರ್ಷವೂ ಹಾಗೇ ಬಿತ್ತಿಸು" ಎಂದ.

ಗುರುಗಳು ಕತೆ ನಿಲ್ಲಿಸಿದರು. ಮರಿದೇವ ಬಿಡಲಿಲ್ಲ. "ಆದರೂ ಗುರುಗಳೇ, ಆ ಮೂರು ತಿಂಗಳಾದರೂ ಶಾಂತಿ ಇತ್ತಲ್ಲವೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಶಾಂತಿ ಎಲ್ಲಿ ಬಂತಪ್ಪ? ಯುದ್ಧ ಊಟಕ್ಕೆ ಕುಳಿತಿತ್ತು."