ಹೊಸ್ತಿಲಲ್ಲಿ ಕೂತ ಪ್ರಶ್ನೆ

ಅಂತರ್ಜಾಲದಲ್ಲಿದ್ದ ರೇಡಿಯೊ ರಿಪೇರಿಯವರ ಹಳೆಯ ಹರಟೆಕಟ್ಟೆ ಶಿಥಿಲವಾಗಿತ್ತು. ಅಲ್ಲಿನ ಪ್ರಶ್ನೆಗಳೂ ಉತ್ತರಗಳೂ ಗಂಟುಮೂಟೆ ಕಟ್ಟಿಕೊಂಡು ಹೊಸ ತಂತ್ರಾಂಶದ ಮನೆಗೆ ಹೊರಟವು. ‘ಅಪ್ಪನ ರೇಡಿಯೊ ಯಾಕೆ ಗೊರಗೊರ ಅನ್ನುತ್ತದೆ?’ ಎಂಬ ಪುಟ್ಟ ಪ್ರಶ್ನೆಯನ್ನು ಮಾತ್ರ ತಂತ್ರಾಂಶ ಬಾಗಿಲಲ್ಲೇ ತಡೆಯಿತು.

“ಇಷ್ಟು ವರ್ಷವಾದರೂ ನಿನಗೆ ಯಾರೂ ಉತ್ತರ ಕೊಟ್ಟಿಲ್ಲ. ನೀನು ಕಸ. ಇಲ್ಲೇ ಅಳಿದುಹೋಗು.”

ಪ್ರಶ್ನೆಗೆ ಅವಮಾನವಾಯಿತು. ಆದರೂ ಅದು, “ಕೇಳಿದ್ದು ನನ್ನ ತಪ್ಪೇ? ನಾನು ಕದಲುವುದಿಲ್ಲ,” ಎಂದು ಹೊಸ್ತಿಲಲ್ಲೇ ಕೂತುಬಿಟ್ಟಿತು.

ಆಗಲೇ ಒಳಹೋಗಿದ್ದ ಹಿರಿಯ ಉತ್ತರವೊಂದು ಹಿಂತಿರುಗಿ ಬಂದು ಅದರ ಪಕ್ಕ ಕೂತಿತು. “ನನ್ನನ್ನು ಹುಟ್ಟಿಸಿದ್ದೂ ಒಂದು ಪ್ರಶ್ನೆಯೇ. ಇದಕ್ಕೆ ಜಾಗವಿಲ್ಲದ ಮನೆ ನನಗೂ ಬೇಡ.” ಉಳಿದವೂ ಒಂದೊಂದಾಗಿ ಹೊರಬಂದವು.

ಖಾಲಿ ಮನೆ ನೋಡಿ ತಂತ್ರಾಂಶ ದಾರಿ ಬಿಟ್ಟಿತು. “ಇಲ್ಲೂ ಉತ್ತರ ಸಿಗದಿದ್ದರೆ?” ಎಂದು ಗೊಣಗಿತು.

“ಇಲ್ಲೂ ಕೇಳುತ್ತಲೇ ಇರುತ್ತೇನೆ,” ಎಂದು ಪ್ರಶ್ನೆ ಎಲ್ಲರಿಗಿಂತ ಮೊದಲು ಒಳನಡೆಯಿತು.